ಜೋಡಿ ಬೆಳ್ಳಿ ಮೇಣದಬತ್ತಿ ಕಂಬಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಶೋಕೇಸಿನಲ್ಲಿ ಎರಡು ಬೆಳ್ಳಿಯ ಮೇಣದಬತ್ತಿ ಕಂಬಗಳಿವೆ. ಇಂಗ್ಲೆಂಡಿನ ಶೆಫೀಲ್ಡ್ ಊರಿನಲ್ಲಿ 1770ರ ದಶಕದಲ್ಲಿ, ನಿಯೋಕ್ಲಾಸಿಕಲ್ ಅನ್ನುವ ಶೈಲಿಯಲ್ಲಿ ಮಾಡಿದವು. ಆ ಊರಿನಲ್ಲಿ ಬಹಳ ವರ್ಷ ಡಾಕ್ಟರಾಗಿದ್ದ ನಮ್ಮ ಸೋದರಮಾವ ಅಲ್ಲಿಯ ಒಂದು ಭಾನುವಾರದ ಸಂತೆಯಲ್ಲಿ ಕೊಂಡು ಅಮ್ಮನಿಗೆ ತಂದುಕೊಟ್ಟರು. ಅಮ್ಮ ಅವನ್ನು ಬೀರುವಿನಲ್ಲಿ ಹಳೇ ಪಂಚೆಯಲ್ಲಿ ಸುತ್ತಿಟ್ಟರು. ಈಗ ನನ್ನ ಹತ್ತಿರ ಇವೆ.

ಮನೆಗೆ ಬಂದವರು ಮೊದಲು ಕೇಳುವುದು ಒಂದೇ: "ಎಷ್ಟು ತೂಕ?" ಬೆಳ್ಳಿ ಅಂದರೆ ನಮಗೆ ತೂಕವೇ ತಾನೇ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿ, ಅದರ ಜೊತೆಗೆ ಬರುವ ಮಿಕ್ಕ ಪ್ರಶ್ನೆಗಳನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ನಾನು ವ್ಯಾಪಾರಿ ಅಲ್ಲ. ಇಟ್ಟುಕೊಂಡವನು, ಒಂದೆರಡು ಸಲ ಕೆಡಿಸಿಕೊಂಡವನು, ಆಮೇಲೆ ಕೂತು ಕಲಿತವನು.

ಹಾಗಾದರೆ ಎಷ್ಟು ತೂಕ?

ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದೂ ಮುಕ್ಕಾಲು ಕಿಲೋ ಹತ್ತಿರ ಬರುತ್ತದೆ. ಆದರೆ ಅದರಲ್ಲಿ ಬೆಳ್ಳಿ ಎಷ್ಟು ಅಂತ ಕಂಬವನ್ನು ಕತ್ತರಿಸದೆ ಹೇಳಲು ಯಾರಿಗೂ ಆಗುವುದಿಲ್ಲ. ಒಳಗೆ ರಾಳ, ಗಾರೆಯಂಥ ಪುಡಿ, ನಡುವೆ ಒಂದು ಕಬ್ಬಿಣದ ಕಂಬಿ ಇದೆ. ಹೊರಗಿನ ಬೆಳ್ಳಿ ದಪ್ಪ ಕಾಗದದಷ್ಟು ತೆಳು.

ನಮ್ಮಲ್ಲಿ ಅರಗು ತುಂಬಿದ ಬಳೆ, ಅರಗು ತುಂಬಿದ ಗುಂಡು ಇರುತ್ತವಲ್ಲ, ಅದೇ ಲೆಕ್ಕ. ಒಮ್ಮೆ ಪೇಟೆಯಲ್ಲಿ ಒಬ್ಬ ಬೆಳ್ಳಿ ಅಂಗಡಿಯವರಿಗೆ ತೋರಿಸಿದೆ. ಕೈಗೆ ತೆಗೆದುಕೊಂಡು ಉಗುರಿನಿಂದ ಟಕ್ ಅಂತ ಬಡಿದು, ತಕ್ಕಡಿಯ ಕಡೆ ನೋಡದೆಯೇ "ಅರಗು ಸಾರ್" ಅಂದರು. ಘಂಟೆಯ ಹಾಗೆ ಗುಂಯ್ ಅನ್ನದೆ, ಕಾಯಿ ತಟ್ಟಿದ ಹಾಗೆ ಮಂಕಾಗಿ ಸದ್ದು ಬರುತ್ತದೆ. ನೀವೂ ಹೀಗೆ ನೋಡಬಹುದು.

ಇದು ಮೋಸ ಅಲ್ವಾ? ಒಳಗೆ ರಾಳ ತುಂಬಿ ಬೆಳ್ಳಿ ಅಂತ ಮಾರಿದರಲ್ಲ!

"ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ" ಅಂತ ಗಾದೆ ಮಾಡಿದ ಜನ ನಾವು. ಈ ಅನುಮಾನ ಬರುವುದು ಸಹಜ. ಆದರೆ ಇಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಕೊಳ್ಳುವವರಿಗೂ ಗೊತ್ತಿತ್ತು, ಬೆಳ್ಳಿ ಪರೀಕ್ಷೆ ಮಾಡಿ ಮುದ್ರೆ (ಹಾಲ್‌ಮಾರ್ಕ್) ಒತ್ತಿದವರಿಗೂ ಗೊತ್ತಿತ್ತು.

ಈ ರಾಳದ ಕಂಬಗಳಿಗೂ ಮುಂಚೆ ಇಂಗ್ಲೆಂಡಿನಲ್ಲಿ ಬೆಳ್ಳಿ ಮೇಣದಬತ್ತಿ ಕಂಬಗಳನ್ನು ಎರಕ ಹೊಯ್ದು ಮಾಡುತ್ತಿದ್ದರು. ಗಟ್ಟಿ ಬೆಳ್ಳಿ, ತೂಕ ಜಾಸ್ತಿ, ಬೆಲೆ ದೊರೆಗಳಿಗೇ ಸೈ. 1760, 70ರ ದಶಕಗಳಲ್ಲಿ ಶೆಫೀಲ್ಡಿನವರು ಬೇರೆ ದಾರಿ ಹಿಡಿದರು. ಉಕ್ಕಿನ ಅಚ್ಚಿನ ಮೇಲೆ ತೆಳ್ಳನೆ ಬೆಳ್ಳಿ ತಗಡು ಇಟ್ಟು, ಮೇಲಿಂದ ಭಾರದ ಸುತ್ತಿಗೆ ಬೀಳಿಸಿ ಒತ್ತುವುದು. ಪೀಠ, ಕಂಬ, ತಲೆ ಎಲ್ಲವನ್ನೂ ಬಿಡಿಬಿಡಿಯಾಗಿ ಒತ್ತಿ, ಬೆಸುಗೆ ಹಾಕಿ ಕೂಡಿಸುವುದು. ತಗಡು ಒತ್ತಿದರೆ ನಲುಗುತ್ತದಲ್ಲ, ಅದಕ್ಕೆ ಒಳಗೆ ರಾಳ ತುಂಬಿ ಗಟ್ಟಿ ಮಾಡುವುದು. ಹೀಗೆ ವಕೀಲರು, ಪಾದ್ರಿಗಳು, ವ್ಯಾಪಾರಿಗಳ ಊಟದ ಮೇಜಿಗೂ ಬೆಳ್ಳಿ ಬಂತು.

ಇದು ಶೆಫೀಲ್ಡಿನಲ್ಲೇ ಯಾಕಾಯಿತು ಅಂದರೆ, ಅದು ಚಾಕು ಚೂರಿಯ ಊರು. ಬೆಂಜಮಿನ್ ಹಂಟ್ಸ್‌ಮನ್ ಅನ್ನುವವರು 1740ರ ದಶಕದಲ್ಲಿ ಅಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನ ಕಂಡುಹಿಡಿದಿದ್ದರು. ಅಂಥ ಉಕ್ಕಿನ ಅಚ್ಚು ಸಾವಿರ ಪೆಟ್ಟು ತಿಂದರೂ ಅಂಚು ಮೊಂಡಾಗುವುದಿಲ್ಲ. ಹೂವಿನ ಎಸಳು, ಮಣಿಸಾಲು ಎಲ್ಲ ಚೂಪಾಗಿ ಮೂಡಬೇಕಾದರೆ ಅಂಥ ಅಚ್ಚೇ ಬೇಕು.

ನಿಯೋಕ್ಲಾಸಿಕಲ್ ಅಂದರೆ ಏನು? ನನ್ನ ಹತ್ತಿರ ಇರುವುದು ಆ ಶೈಲಿಯದ್ದೇ ಅಂತ ಹೇಗೆ ಗೊತ್ತಾಗುತ್ತದೆ?

ಹಳೇ ಗ್ರೀಕ್, ರೋಮನ್ ಕಟ್ಟಡಗಳನ್ನೂ ಪಾತ್ರೆಗಳನ್ನೂ ನೋಡಿ ಮಾಡಿದ ಶೈಲಿ. ಇಟಲಿಯಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹರ್ಕ್ಯುಲೇನಿಯಂ ಪಟ್ಟಣವನ್ನು 1738ರಿಂದ, ಪಾಂಪೈಯನ್ನು 1748ರಿಂದ ಅಗೆಯಲು ಶುರು ಮಾಡಿದರು. ಸಿಕ್ಕಿದ ಗೋಡೆಚಿತ್ರ, ದೀಪ, ಪಾತ್ರೆಗಳ ಚಿತ್ರಪುಸ್ತಕಗಳು ಯುರೋಪಿನಲ್ಲೆಲ್ಲ ಓಡಾಡಿದವು. ರಾಬರ್ಟ್ ಆಡಮ್ ಎಂಬ ಸ್ಕಾಟ್ಲೆಂಡಿನ ವಾಸ್ತುಶಿಲ್ಪಿ ಇಟಲಿ ಸುತ್ತಿ 1758ರಲ್ಲಿ ಇಂಗ್ಲೆಂಡಿಗೆ ಹಿಂತಿರುಗಿ, ಮನೆ, ಗೋಡೆ, ಕುರ್ಚಿಯಿಂದ ಹಿಡಿದು ಬಾಗಿಲ ಹಿಡಿಯವರೆಗೆ ಇದೇ ಧಾಟಿಯಲ್ಲಿ ಮಾಡಿಸಿದರು. ಅದಕ್ಕೇ ಇಂಗ್ಲೆಂಡಿನಲ್ಲಿ ಇದನ್ನು ಆಡಮ್ ಶೈಲಿ ಅಂತಲೂ ಕರೆಯುತ್ತಾರೆ.

ಗುರುತು ಹಿಡಿಯುವುದು ಕಷ್ಟವಲ್ಲ. ಇದಕ್ಕೆ ಮುಂಚಿನ ರೊಕೊಕೊ ಶೈಲಿಯಲ್ಲಿ ಎಲ್ಲವೂ ಸುರುಳಿ, ಚಿಪ್ಪು, ಒಂದು ಬದಿ ಇದ್ದ ಹಾಗೆ ಇನ್ನೊಂದು ಬದಿ ಇರುವುದಿಲ್ಲ. ನಿಯೋಕ್ಲಾಸಿಕಲ್ ಬಂದಾಗ ಕಂಬ ನೆಟ್ಟಗೆ ನಿಂತಿತು. ಚೌಕ ಇಲ್ಲವೇ ದುಂಡು ಪೀಠ. ಕಂಬದ ಮೈಮೇಲೆ ಮೇಲಿನಿಂದ ಕೆಳಗೆ ಸಾಲುಸಾಲು ಗೀರು. ಅಂಚಿಗೆ ಮಣಿಸಾಲು. ಮೂಲೆಗಳಲ್ಲಿ ಟಗರಿನ ತಲೆ, ಅವುಗಳ ನಡುವೆ ಇಳಿಬಿಟ್ಟ ಹೂಮಾಲೆ. ಮೇಲೆ ಬತ್ತಿ ನಿಲ್ಲಿಸುವ ಬಟ್ಟಲು ಕಲಶದ ಆಕಾರದಲ್ಲಿರುತ್ತದೆ. ಇನ್ನು ಕೆಲವು ಕಂಬಗಳು ಇಡೀ ರೋಮನ್ ಗುಡಿಯ ಕಂಬದ ಪುಟ್ಟ ನಕಲು, ತಲೆಯಲ್ಲಿ ಅಕ್ಯಾಂಥಸ್ ಅನ್ನುವ ಗಿಡದ ಎಲೆಗಳ ಗೊಂಚಲು.

ನಮ್ಮವು ಟಗರಿನ ತಲೆಯವು. ಎತ್ತರ 29 ಸೆಂಟಿಮೀಟರ್. ನಾಲ್ಕು ಮೂಲೆಗೆ ನಾಲ್ಕು ಟಗರು. ಅವುಗಳಲ್ಲಿ ಒಂದರ ಮೂಗು ಸವೆದು ಒಳಗಿನ ಕಂದು ರಾಳ ಎಳ್ಳಿನಷ್ಟು ಕಾಣುತ್ತದೆ. ಮೊದಲ ಸಲ ನೋಡಿದಾಗ ಕೊಳೆ ಅಂದುಕೊಂಡು ಉಜ್ಜಿದ್ದೆ. ಇನ್ನಷ್ಟು ಕಂಡಿತು.

ಮುದ್ರೆಗಳನ್ನು ಓದುವುದು ಹೇಗೆ?

ಇದೇ ಎಲ್ಲಕ್ಕಿಂತ ಸ್ವಾರಸ್ಯದ ಭಾಗ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಓರೆಯಾಗಿ ಬೀಳುವ ಬೆಳಕು ಇದ್ದರೆ ಸಾಕು. ರಾಳ ತುಂಬಿದ ಕಂಬದಲ್ಲಿ ಮುದ್ರೆಗಳು ತಳದಲ್ಲಿ ಇರುವುದಿಲ್ಲ, ಅಲ್ಲಿ ಹಸಿರು ಉಣ್ಣೆ ಬಟ್ಟೆಯೋ ಮರವೋ ಇರುತ್ತದೆ. ಪೀಠದ ಕೆಳ ಅಂಚಿನ ಪಕ್ಕದಲ್ಲಿ ಒಂದು ಸಾಲಾಗಿ ಹುಡುಕಿ. ಮೇಲಿನ ಬಿಡಿ ಬಟ್ಟಲಿನ ಮೇಲೂ ಒಂದೆರಡು ಮುದ್ರೆ ಇರಬೇಕು.

ನಡೆಯುತ್ತಿರುವ ಸಿಂಹ ಕಂಡರೆ ಸ್ಟರ್ಲಿಂಗ್, ಅಂದರೆ 1000ಕ್ಕೆ 925 ಪಾಲು ಬೆಳ್ಳಿ. ಊರಿನ ಗುರುತು ಬೇರೆ: ಚಿರತೆಯ ತಲೆ ಲಂಡನ್ನಿಗೆ, ಕಿರೀಟ ಶೆಫೀಲ್ಡಿಗೆ (1974ರವರೆಗೆ), ಹಡಗಿನ ಲಂಗರು ಬರ್ಮಿಂಗ್‌ಹ್ಯಾಮಿಗೆ. ಒಂದು ಅಕ್ಷರ ವರ್ಷಕ್ಕೆ. ಮಾಡಿದವರ ಹೆಸರಿನ ಮೊದಲಕ್ಷರಗಳು ಇನ್ನೊಂದು ಮುದ್ರೆಯಲ್ಲಿ.

ಬರ್ಮಿಂಗ್‌ಹ್ಯಾಮಿಗೆ ಸಮುದ್ರವೇ ಇಲ್ಲ, ಲಂಗರು ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಈ ಕಥೆಯಲ್ಲಿ ಮೇಣದಬತ್ತಿ ಕಂಬಗಳದ್ದೇ ಪಾತ್ರ ಇದೆ. 1773ರವರೆಗೆ ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್ ಎರಡೂ ಊರುಗಳಲ್ಲಿ ಬೆಳ್ಳಿ ಪರೀಕ್ಷಿಸುವ ಕಚೇರಿಯೇ ಇರಲಿಲ್ಲ. ಬರ್ಮಿಂಗ್‌ಹ್ಯಾಮಿನ ದೊಡ್ಡ ಕಾರ್ಖಾನೆಯ ಯಜಮಾನ ಮ್ಯಾಥ್ಯೂ ಬೋಲ್ಟನ್ ತನ್ನ ಮಾಲನ್ನು ಪರೀಕ್ಷೆಗೆ ಗಾಡಿಯಲ್ಲಿ ದೂರದ ಚೆಸ್ಟರ್ ಊರಿಗೆ ಕಳಿಸಬೇಕಿತ್ತು. 1771ರಲ್ಲಿ ಲಾರ್ಡ್ ಶೆಲ್ಬರ್ನ್ ಅವರಿಗೆ ಅಂತ ಮಾಡಿದ ಎರಡು ಜೋಡಿ ಕಂಬಗಳು ಅಲ್ಲಿಂದ ಹಿಂತಿರುಗುವಾಗ ಹಾಳಾದವು, ಸರಿಯಾಗಿ ಕಟ್ಟಿರಲಿಲ್ಲ. ಬೋಲ್ಟನ್‌ಗೆ ಉರಿದುಹೋಯಿತು. ನಮ್ಮೂರಿಗೇ ಕಚೇರಿ ಬೇಕು ಅಂತ ಪಾರ್ಲಿಮೆಂಟಿನ ಬೆನ್ನು ಹತ್ತಿದ. ಶೆಫೀಲ್ಡಿನವರೂ ಸೇರಿಕೊಂಡರು. ಲಂಡನ್ನಿನ ಅಕ್ಕಸಾಲಿಗರು ಅಡ್ಡ ಬಂದರೂ 1773ರಲ್ಲಿ ಎರಡೂ ಊರಿಗೆ ಕಚೇರಿ ಸಿಕ್ಕಿತು. ಲಂಡನ್ನಿನಲ್ಲಿ ಇವರು ಸಭೆ ಸೇರುತ್ತಿದ್ದ ಹೋಟೆಲಿನ ಹೆಸರು 'ಕ್ರೌನ್ ಅಂಡ್ ಆಂಕರ್'. ಕಿರೀಟ ಒಬ್ಬರಿಗೆ, ಲಂಗರು ಒಬ್ಬರಿಗೆ ಅಂತ ಅಲ್ಲಿಂದಲೇ ಹಂಚಿಕೊಂಡರು, ನಾಣ್ಯ ಚಿಮ್ಮಿ ತೀರ್ಮಾನಿಸಿದರು ಅಂತ ಹೇಳುತ್ತಾರೆ. ನಾಣ್ಯದ ಮಾತು ದಂತಕಥೆ ಇರಬಹುದು. ಕೇಳಲು ಚೆನ್ನಾಗಿದೆ, ಬಿಡಿ.

ವರ್ಷದ ಅಕ್ಷರ ಓದುವಾಗ ಹುಷಾರು. ಲಂಡನ್, ಬರ್ಮಿಂಗ್‌ಹ್ಯಾಮಿನಲ್ಲಿ ಅಕ್ಷರಗಳು ಸಾಲಾಗಿ ಬರುತ್ತವೆ. ಶೆಫೀಲ್ಡಿನವರು ಮಾತ್ರ 1824ರವರೆಗೆ ಮನಸ್ಸಿಗೆ ಬಂದ ಅಕ್ಷರ ಹಾಕಿದರು. ಮೊದಲ ವರ್ಷಕ್ಕೇ 'ಎ' ಬಿಟ್ಟು 'ಇ'. ಹಾಗಾಗಿ ಊಹೆ ಮಾಡಬೇಡಿ, ಪಟ್ಟಿ ಮುಂದಿಟ್ಟುಕೊಂಡೇ ನೋಡಿ.

ನನ್ನ ಕಂಬದಲ್ಲಿ ಒಂದು ಗಂಡಸಿನ ತಲೆಯೂ ಇದೆ. ಅದು ಯಾರು?

ರಾಜ. ಮೂರನೇ ಜಾರ್ಜ್ ಇರಬಹುದು. 1784ರ ಡಿಸೆಂಬರ್ 1ರಿಂದ ಬೆಳ್ಳಿ ಸಾಮಾನಿನ ಮೇಲೆ ಔನ್ಸಿಗೆ ಆರು ಪೆನ್ಸ್ ಸುಂಕ ಹಾಕಿದರು. ಸುಂಕ ಕಟ್ಟಿದ್ದಕ್ಕೆ ರಸೀದಿಯ ಹಾಗೆ ರಾಜನ ತಲೆಯ ಮುದ್ರೆ. 1890ರಲ್ಲಿ ಸುಂಕ ಹೋಯಿತು, ತಲೆಯೂ ಹೋಯಿತು. ವಿಕ್ಟೋರಿಯಾ ರಾಣಿಯ ತಲೆ ಇದ್ದರೆ ಶೈಲಿ ಎಷ್ಟೇ ಹಳೆಯದಾಗಿ ಕಂಡರೂ ವಸ್ತು 19ನೇ ಶತಮಾನದ್ದು.

ನಮ್ಮ ಜೋಡಿಯಲ್ಲಿ ಒಂದರ ಅಕ್ಷರ ಪೂರಾ ಸವೆದಿದೆ. ಕಿರೀಟ ಇದೆ, ಸಿಂಹ ಇದೆ, ತಲೆ ಇಲ್ಲ. ಕಚೇರಿ ಶುರುವಾಗಿದ್ದು 1773, ಸುಂಕ ಬಂದಿದ್ದು 1784ರ ಕೊನೆ. ಈ ಹನ್ನೊಂದು ವರ್ಷದೊಳಗೆ ಮಾಡಿದ್ದು ಅಂತ ಲೆಕ್ಕ ಹಾಕಿ ಹಿಗ್ಗಿದ್ದೆ. ಆಮೇಲೆ ತಿಳಿದವರೊಬ್ಬರು "1890ರ ನಂತರದ್ದಕ್ಕೂ ತಲೆ ಇರಲ್ವಲ್ಲ" ಅಂದರು. ಆ ಕಾಲದಲ್ಲಿ ಆಡಮ್ ಶೈಲಿ ಮತ್ತೆ ಫ್ಯಾಷನ್ ಆಗಿ, ಶೆಫೀಲ್ಡಿನಲ್ಲಿ ರಾಶಿ ರಾಶಿ ಮಾಡಿದ್ದಾರೆ. ಜೋಡಿಯ ಇನ್ನೊಂದರಲ್ಲಿ ಅಕ್ಷರ ಓದುವಂತೆ ಇದ್ದದ್ದರಿಂದ ಬಚಾವಾದೆ.

ಶೆಫೀಲ್ಡ್ ಮಾಲು ಅನ್ನುತ್ತಾರೆ, ಆದರೆ ಮುದ್ರೆ ಲಂಡನ್ನಿನದು. ಸುಳ್ಳೇ?

ಇರಲಿಕ್ಕಿಲ್ಲ. ಲಂಡನ್ನಿನ ಕೆಲವರು ಶೆಫೀಲ್ಡಿನಿಂದ ಸಗಟಾಗಿ ಕಂಬಗಳನ್ನು ತರಿಸಿ, ಮಾಡಿದವರ ಮುದ್ರೆಯ ಮೇಲೆಯೇ ತಮ್ಮ ಮುದ್ರೆ ಒತ್ತಿ ಮಾರುತ್ತಿದ್ದರು. ಜಾನ್ ಕಾರ್ಟರ್ ಎಂಬಾತ ಇದಕ್ಕೆ ಹೆಸರುವಾಸಿ. ಭೂತಗನ್ನಡಿಯಲ್ಲಿ ನೋಡಿದರೆ ಅವನ ಅಕ್ಷರಗಳ ಅಡಿಯಲ್ಲಿ ಹಳೇ ಮುದ್ರೆಯ ಅಂಚು ಇಣುಕುವುದುಂಟು. ಅಂಥದ್ದು ಸಿಕ್ಕರೆ ಸಂಗ್ರಹಕಾರರಿಗೆ ಖುಷಿಯೇ.

ಎಲ್ಲ ಕಂಬಗಳೂ ರಾಳ ತುಂಬಿದವೇ? ಗಟ್ಟಿ ಬೆಳ್ಳಿಯವು ಇಲ್ಲವೇ?

ಇವೆ. ಲಂಡನ್ನಿನಲ್ಲಿ ಎರಕದ ಕಂಬಗಳನ್ನು ಮಾಡುತ್ತಲೇ ಇದ್ದರು. ಮಗುಚಿ ನೋಡಿದರೆ ತಿಳಿಯುತ್ತದೆ. ಪೀಠದ ತಳ ಬರೀ ಬೆಳ್ಳಿಯ ಬಟ್ಟಲಿನ ಹಾಗೆ ತೆರೆದಿರುತ್ತದೆ, ಮುದ್ರೆಗಳೂ ಹೆಚ್ಚಾಗಿ ಅಲ್ಲೇ ಇರುತ್ತವೆ.

ಇಂಥವಕ್ಕೆ ತೂಕದ ಮಾತು ಆಡಬಹುದು. ತಳದಲ್ಲಿ ಮೊಳೆಯಿಂದ ಗೀಚಿದ ಹಾಗೆ ಎರಡು ಅಂಕಿ ಇವೆಯೇ ನೋಡಿ, ಉದಾಹರಣೆಗೆ 18, ಪಕ್ಕದಲ್ಲಿ 12. ಮಾಡಿದ ದಿನ ಅದು 18 ಟ್ರಾಯ್ ಔನ್ಸ್, 12 ಪೆನ್ನಿವೇಟ್ ಇತ್ತು ಅಂತ ಅರ್ಥ. ಟ್ರಾಯ್ ಔನ್ಸ್ ಅಂದರೆ 31.1 ಗ್ರಾಂ, ಅದರಲ್ಲಿ 20 ಪೆನ್ನಿವೇಟ್. ಲೆಕ್ಕ ಹಾಕಿದರೆ ಸುಮಾರು 578 ಗ್ರಾಂ. ಇವತ್ತು ತೂಗಿದಾಗ 560 ಬಂದರೆ, ಮಿಕ್ಕ 18 ಗ್ರಾಂ ಎರಡು ಶತಮಾನದ ಕೆಲಸದವರು ಉಜ್ಜಿ ಉಜ್ಜಿ ಬಟ್ಟೆಗೆ ಬಳಿದುಕೊಂಡದ್ದು. ತೂಕ ಹೆಚ್ಚು ಬಂದರೆ ಇನ್ನೂ ಅನುಮಾನಪಡಿ: ಆಮೇಲೆ ಯಾರೋ ಏನೋ ಸೇರಿಸಿದ್ದಾರೆ.

ಮುದ್ರೆ ಇಲ್ಲ. ಅಂಚಿನಲ್ಲಿ ಕೆಂಪಗೆ ತಾಮ್ರ ಕಾಣುತ್ತಿದೆ.

ಹಾಗಾದರೆ ಅದು ಬಹುಶಃ ಹಳೇ ಶೆಫೀಲ್ಡ್ ಪ್ಲೇಟ್. ಥಾಮಸ್ ಬೋಲ್ಸೋವರ್ ಎಂಬ ಶೆಫೀಲ್ಡಿನ ಚೂರಿ ಕೆಲಸದವರು 1740ರ ದಶಕದ ಶುರುವಿನಲ್ಲಿ ಕಂಡುಕೊಂಡ ಹಾದಿ. ತಾಮ್ರದ ಗಟ್ಟಿಯ ಮೇಲೆ ಬೆಳ್ಳಿಯ ತಗಡನ್ನು ಬಿಸಿಮಾಡಿ ಬೆಸೆದು, ಎರಡನ್ನೂ ಒಟ್ಟಿಗೆ ತಗಡಾಗಿ ಎಳೆಯುವುದು. ಬೆಳ್ಳಿ ಕಂಬ ಒತ್ತಿದ ಅಚ್ಚುಗಳಲ್ಲೇ ಇವನ್ನೂ ಒತ್ತುತ್ತಿದ್ದರು. ದೂರದಿಂದ ನೋಡಿದರೆ ವ್ಯತ್ಯಾಸವೇ ತಿಳಿಯದು.

ತಾಮ್ರ ಕಂಡಿತು ಅಂತ ಮತ್ತೆ ಬೆಳ್ಳಿ ಲೇಪ ಹಾಕಿಸಲು ಓಡಬೇಡಿ. ಕರೆಂಟಿನಿಂದ ಲೇಪ ಹಾಕುವ ವಿಧಾನಕ್ಕೆ ಎಲ್ಕಿಂಗ್ಟನ್ ಎಂಬವರು ಪೇಟೆಂಟ್ ಪಡೆದದ್ದು 1840ರಲ್ಲಿ, ಇವು ಅದಕ್ಕೂ ಹಳೇ ಕೆಲಸ. ಹೊಸ ಲೇಪ ಬಿದ್ದರೆ ಹಳೆಯದು ಮುಚ್ಚಿಹೋಗುತ್ತದೆ, ಬಣ್ಣವೂ ಸುಣ್ಣದ ಹಾಗೆ ಬೆಳ್ಳಗೆ ಕಾಣುತ್ತದೆ. ಸವೆದ ಅಂಚಿನ ಆ ಕೆಂಪೇ ಅದರ ಗುರುತು.

ಎರಡೂ ಒಂದೇ ಜೋಡಿ ಅಂತ ಹೇಗೆ ನಂಬುವುದು?

ಎತ್ತುಗಳ ಜೋಡಿ ಕೊಳ್ಳುವವರ ಹಾಗೆ ಪಕ್ಕಪಕ್ಕ ನಿಲ್ಲಿಸಿ ನೋಡಬೇಕು. ಎತ್ತರ, ಪೀಠದ ಅಗಲ, ಹೂಮಾಲೆಯ ಎಲೆಗಳ ಎಣಿಕೆ ಒಂದೇ ಇರಬೇಕು. ಮಾಡಿದವರ ಮುದ್ರೆ, ವರ್ಷದ ಅಕ್ಷರ ಒಂದೇ ಇರಬೇಕು. ಮನೆತನದ ಲಾಂಛನ ಕೆತ್ತಿದ್ದರೆ ಎರಡರಲ್ಲೂ ಅದೇ ಇರಬೇಕು. ಒಂದೆರಡು ವರ್ಷ ವ್ಯತ್ಯಾಸ ಇದ್ದರೆ ಆಮೇಲೆ ಕೂಡಿಸಿದ ಜೋಡಿ, ಬೆಲೆ ಸ್ವಲ್ಪ ಕಮ್ಮಿ, ಅಷ್ಟೇ. ಒಂಟಿ ಕಂಬಕ್ಕೆ ಜೋಡಿಯ ಅರ್ಧ ಬೆಲೆಯೂ ಸಿಗುವುದಿಲ್ಲ. ನಾಲ್ಕರ ಸೆಟ್ಟು ಸಿಕ್ಕರೆ ಎರಡು ಜೋಡಿಗಿಂತ ಜಾಸ್ತಿ.

ಆದರೆ ಎರಡೂ *ತೀರಾ* ಒಂದೇ ತರಹ ಇದ್ದರೆ ಎಚ್ಚರ! ಮುದ್ರೆಗಳನ್ನು ಒಂದೊಂದಾಗಿ ಕೈಯಲ್ಲಿ ಒತ್ತುತ್ತಿದ್ದರು. ಹಾಗಾಗಿ ಒಂದರಲ್ಲಿ ಸಿಂಹ ಸ್ವಲ್ಪ ಓರೆ, ಇನ್ನೊಂದರಲ್ಲಿ ಅಕ್ಷರ ಸ್ವಲ್ಪ ದೂರ, ಹೀಗೆ ಇರಬೇಕು. ಎರಡರಲ್ಲೂ ಮುದ್ರೆಗಳ ನಡುವಿನ ಅಂತರ ಕೂದಲೆಳೆಯಷ್ಟೂ ಬದಲಾಗದೆ, ಒಂದೇ ಜಾಗದಲ್ಲಿ ಒಂದೇ ಗೀರು ಇದ್ದರೆ, ಹಳೆಯದೊಂದನ್ನು ಅಚ್ಚು ತೆಗೆದು ಎರಕ ಹೊಯ್ದ ನಕಲು ಅದು. ಅಂಥ ಮುದ್ರೆಯ ಅಂಚು ಸೋಪಿನ ಮೇಲೆ ಒತ್ತಿದ ಹಾಗೆ ಮೆತ್ತಗೆ ಇರುತ್ತದೆ.

ಕೊಳ್ಳುವ ಮುಂಚೆ ಇನ್ನೇನು ನೋಡಬೇಕು?

ಬಾಯಿಂದ ಹಾ ಅಂತ ಆವಿ ಬಿಡಿ. ನಿಜವಾಗಿ. ಬೆಳ್ಳಿಯ ಮೇಲೆ ಆವಿ ಕೂತು ಹೋಗುವ ಆ ಎರಡು ಸೆಕೆಂಡಿನಲ್ಲಿ ಹಳೇ ಬೆಸುಗೆ, ಹಾಕಿದ ತೇಪೆ, ಅಳಿಸಿದ ಲಾಂಛನದ ಜಾಗ ಬೇರೆ ಬಣ್ಣವಾಗಿ ಕಾಣುತ್ತವೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಆಮೇಲೆ ಪೀಠದ ಹಿಂಬದಿಯಲ್ಲಿ ತೂತು ಇದೆಯೇ ಅಂತ ಹುಡುಕಿ. ಕರೆಂಟು ಬಂದ ಕಾಲದಲ್ಲಿ ಬಹಳ ಜನ ಇಂಥ ಕಂಬ ಕೊರೆದು, ವೈರು ಎಳೆದು ಟೇಬಲ್ ಲ್ಯಾಂಪ್ ಮಾಡಿಕೊಂಡರು. ತೂತು ಮುಚ್ಚಿದ್ದರೂ ಗುರುತು ಉಳಿಯುತ್ತದೆ. ಉಬ್ಬಿದ ಜಾಗಗಳು, ಅಂದರೆ ಟಗರಿನ ಮೂಗು, ಮಣಿಗಳ ನೆತ್ತಿ, ಪೀಠದ ಮೂಲೆ, ಇವೇ ಮೊದಲು ಸವೆದು ತೂತು ಬೀಳುವುದು. ಕಂಬ ಒಂದು ಕಡೆ ವಾಲಿದ್ದರೆ ಒಳಗಿನ ರಾಳ ಯಾವತ್ತೋ ಬಿಸಿಗೆ ಕರಗಿದೆ ಅಂತ.

ಮೇಲಿನ ಬಿಡಿ ಬಟ್ಟಲು ಕಳೆದುಹೋಗುವುದು ಮಾಮೂಲು. ಬೇರೆ ಕಂಬದ್ದನ್ನು ತಂದು ಕೂರಿಸಿರುತ್ತಾರೆ. ಅಂಚಿನ ಮಣಿಸಾಲು ಪೀಠದ ಮಣಿಸಾಲಿಗೆ ಹೊಂದುತ್ತದೆಯೇ ನೋಡಿ.

ತೊಳೆಯುವುದು ಹೇಗೆ? ಅಂಟುವಾಳ, ಹುಣಸೆಹಣ್ಣು, ವಿಭೂತಿ ಆಗುತ್ತದೆಯೇ?

ಬೇಡ. ದೇವರ ಮನೆಯ ಗಟ್ಟಿ ಬೆಳ್ಳಿ ದೀಪಕ್ಕೆ ಏನು ಮಾಡುತ್ತೀರೋ ಅದು ನಿಮ್ಮಿಷ್ಟ. ಇದಕ್ಕೆ ಮಾತ್ರ ಅದ್ಯಾವುದೂ ಬೇಡ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಒಂದು ಹಬ್ಬದ ಹಿಂದಿನ ದಿನ, ಬಕೆಟ್ಟಿನಲ್ಲಿ ಬಿಸಿನೀರು, ಅಡುಗೆ ಸೋಡಾ, ಅಲ್ಯೂಮಿನಿಯಂ ಹಾಳೆ ಹಾಕಿ ಒಂದು ಕಂಬವನ್ನು ಪೂರಾ ಮುಳುಗಿಸಿದೆ. ಐದು ನಿಮಿಷದಲ್ಲಿ ಫಳಫಳ. ಅಮ್ಮನನ್ನು ಕರೆದು ತೋರಿಸಿ ಜಂಬ ಕೊಚ್ಚಿಕೊಂಡೆ. ಮಾರನೇ ದಿನ ಮೇಜಿನ ಬಿಳೀ ಬಟ್ಟೆಯ ಮೇಲೆ ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ ಚೌಕಾಕಾರದ ಕಂದು ಕಲೆ. ಬೆಸುಗೆಯ ಸಂದಿನಿಂದ ಒಳಗೆ ಹೋದ ನೀರು ಕಬ್ಬಿಣದ ಕಂಬಿಯ ತುಕ್ಕನ್ನೂ ಕರೆದುಕೊಂಡು ತಳದಿಂದ ಇಳಿಯುತ್ತಿತ್ತು. ನಾಲ್ಕು ದಿನ ಇಳಿಯಿತು. ಈಗಲೂ ಅದನ್ನು ಅಲ್ಲಾಡಿಸಿದರೆ ಒಳಗೆ ಏನೋ ಸಣ್ಣಗೆ ಉದುರಿದ ಸದ್ದಾಗುತ್ತದೆ. ಬಿಸಿನೀರಿನಲ್ಲಿ ಮುಳುಗಿಸಬಾರದು, ಬಿಸಿಲಲ್ಲಿ ಒಣಗಿಸಬಾರದು, ಒಲೆಯ ಹತ್ತಿರ ಇಡಬಾರದು. ಮೂರೂ ಮಾಡಿಯೇ ಕಲಿತದ್ದು.

ಇನ್ನು ಆ ಸೋಡಾ ನೀರು, ಅಂಗಡಿಯ ಅದ್ದುವ ದ್ರಾವಣ ಇವು ಸಂದುಗೊಂದಿನ ಕಪ್ಪನ್ನೂ ತೆಗೆದುಬಿಡುತ್ತವೆ. ಹೂಮಾಲೆ, ಟಗರಿನ ತುಪ್ಪಳ ಎದ್ದು ಕಾಣುವುದೇ ಆ ಕಪ್ಪಿನಿಂದ. ಅದು ಹೋದರೆ ಇಡೀ ಕಂಬ ಮದುವೆ ಛತ್ರದ ಸ್ಟೀಲ್ ಲೋಟದ ಹಾಗೆ ಚಪ್ಪಟೆ ಕಾಣುತ್ತದೆ.

ಹಾಗಾದರೆ ಏನು ಮಾಡಬೇಕು? ಮೆತ್ತನೆಯ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಒಂದು ಹನಿ ಪಾತ್ರೆ ಸೋಪು ಹಾಕಿ ಒರೆಸಿ. ತಕ್ಷಣ ಒಣ ಬಟ್ಟೆಯಿಂದ ಒರೆಸಿ. ಕಪ್ಪು ಜಾಸ್ತಿ ಇದ್ದರೆ ಬೆಳ್ಳಿಗೆಂದೇ ಮಾರುವ ಮೆತ್ತನೆಯ ಪಾಲಿಶ್ ಕ್ರೀಮು ಇಲ್ಲವೇ ಬಟ್ಟೆ, ವರ್ಷಕ್ಕೊಮ್ಮೆ. ಮುದ್ರೆಗಳ ಮೇಲೆ ಉಜ್ಜಬೇಡಿ. ಟೂತ್‌ಪೇಸ್ಟ್, ರಂಗೋಲಿ ಪುಡಿ ಬೆಳ್ಳಿಯನ್ನು ಗೀರುತ್ತವೆ. ಅಂಗಡಿಯಲ್ಲಿ ತಿರುಗುವ ಚಕ್ರಕ್ಕೆ ಹಿಡಿದು ಪಾಲಿಶ್ ಮಾಡಿಸುವುದಂತೂ ಬೇಡವೇ ಬೇಡ. ಕಾಗದದಷ್ಟು ತೆಳು ತಗಡು ಅದು, ಮರೆಯಬೇಡಿ.

ಬೆಳ್ಳಿ ಇಷ್ಟು ಬೇಗ ಯಾಕೆ ಕಪ್ಪಾಗುತ್ತದೆ?

ಗಾಳಿಯಲ್ಲಿರುವ ಗಂಧಕದ ಅಂಶದಿಂದ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಮೊಟ್ಟೆ, ಈರುಳ್ಳಿ ಇವುಗಳ ಸಹವಾಸ ಆಗದು. ಬಟ್ಟೆ ಸುತ್ತಿ ಮೇಲೆ ರಬ್ಬರ್ ಬ್ಯಾಂಡ್ ಹಾಕಿದರೆ ಬಟ್ಟೆಯ ಮೇಲಿಂದಲೇ ಕಪ್ಪು ಪಟ್ಟಿ ಬೀಳುತ್ತದೆ. ಒಗೆದ ಹಳೇ ಹತ್ತಿ ಬಟ್ಟೆ ಒಳ್ಳೆಯದು. ಅಮ್ಮನ ಪಂಚೆ ಉಪಾಯ ಸರಿಯಾಗಿತ್ತು. ಮಳೆಗಾಲಕ್ಕೆ ಜೊತೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ನಿಲ್ಲಿಸಿಯೇ ಇಡಿ, ಮಲಗಿಸಬೇಡಿ.

ಬತ್ತಿ ಹಚ್ಚಬಹುದೇ?

ಹಚ್ಚಿ. ಅದಕ್ಕೇ ಮಾಡಿದ್ದು ತಾನೇ? ಒಂದು ಸಂಜೆ ಲೈಟ್ ಆರಿಸಿ ನೋಡಿ, ಮೈಮೇಲಿನ ಗೀರುಗಳಲ್ಲಿ ಬೆಳಕು ಹರಿದಾಡುತ್ತದೆ. ಆ ಗೀರು ಯಾಕೆ ಇದೆ ಅಂತ ಆಗ ಗೊತ್ತಾಗುತ್ತದೆ. ಆ ಕಾಲದಲ್ಲಿ ಬೆಳಕು ದುಬಾರಿ. ಇಂಗ್ಲೆಂಡಿನಲ್ಲಿ 1709ರಿಂದ 1831ರವರೆಗೆ ಮೇಣದಬತ್ತಿಗೂ ತೆರಿಗೆ ಇತ್ತು. ಜೇನುಮೇಣದ ಬತ್ತಿ ಉಳ್ಳವರಿಗೆ, ಕೊಬ್ಬಿನ ಬತ್ತಿ ಮಿಕ್ಕವರಿಗೆ. ಒಂದು ಬತ್ತಿಯ ಬೆಳಕನ್ನು ಬೆಳ್ಳಿ ಎರಡಾಗಿಸಿ ಕೊಟ್ಟರೆ ಯಾರಿಗೆ ಬೇಡ?

ಬತ್ತಿಯ ಬುಡ ದಪ್ಪ ಇದ್ದರೆ ಚಾಕುವಿನಿಂದ ಬತ್ತಿಯನ್ನು ಹೆರೆಯಿರಿ, ಬಟ್ಟಲಿಗೆ ತುರುಕಬೇಡಿ. ಕೊನೆವರೆಗೂ ಉರಿಯಲು ಬಿಡಬೇಡಿ, ಎರಡು ಬೆರಳು ಉಳಿದಾಗ ಆರಿಸಿ. ಫ್ಯಾನ್ ಕೆಳಗೆ ಬೇಡ, ಮೇಣ ಒಂದೇ ಬದಿಗೆ ಸುರಿಯುತ್ತದೆ.

ಸುರಿದ ಮೇಣ ತೆಗೆಯುವುದು?

ಮೇಲಿನ ಬಿಡಿ ಬಟ್ಟಲನ್ನು ಮಾತ್ರ ತೆಗೆದು ಬಿಸಿನೀರಿಗೆ ಹಾಕಿ, ಅದರಲ್ಲಿ ರಾಳ ಇಲ್ಲ. ಕಂಬದ ಮೇಲೆ ಬಿದ್ದದ್ದನ್ನು ಉಗುರಿನಿಂದ ಇಲ್ಲವೇ ಐಸ್‌ಕ್ರೀಂ ಕಡ್ಡಿಯಿಂದ ನಿಧಾನವಾಗಿ ಎಬ್ಬಿಸಿ. ಚಾಕು ಬೇಡ.

ಒಳ್ಳೆ ಬೆಲೆ ಬರುತ್ತದೆಯೇ? ಕರಗಿಸಿದರೆ?

ಕರಗಿಸಿದರೆ ನಿರಾಶೆ ಗ್ಯಾರಂಟಿ. ಮುಕ್ಕಾಲು ಕಿಲೋ ಅಂದುಕೊಂಡು ಹೋದವರಿಗೆ ಅದರ ಸಣ್ಣ ಪಾಲು ಬೆಳ್ಳಿ, ಮಿಕ್ಕದ್ದು ಹೊಗೆ, ವಾಸನೆ. ಇದಕ್ಕೆ ಬೆಲೆ ಬರುವುದು ಮಾಡಿದವರ ಹೆಸರು, ವರ್ಷ, ಚೂಪಾಗಿ ಉಳಿದ ಕೆಲಸ, ಮುರಿಯದ ಜೋಡಿ, ಇವುಗಳಿಂದ. ಶೆಫೀಲ್ಡಿನ ಜಾನ್ ವಿಂಟರ್, ಜಾನ್ ಪಾರ್ಸನ್ಸ್, ಬರ್ಮಿಂಗ್‌ಹ್ಯಾಮಿನ ಬೋಲ್ಟನ್ ಮತ್ತು ಫಾದರ್‌ಗಿಲ್ ಇಂಥವರ ಮುದ್ರೆ ಸಿಕ್ಕರೆ ಕೊಳ್ಳುವವರು ಮುಂದೆ ಬರುತ್ತಾರೆ. ನಮ್ಮ ಊರಿನ ಬೆಳ್ಳಿ ಅಂಗಡಿಯಲ್ಲಿ ಇದಕ್ಕೆ ಗಿರಾಕಿ ಇಲ್ಲ, ಅವರ ತಪ್ಪೂ ಅಲ್ಲ. ಅವರ ವ್ಯಾಪಾರ ಗ್ರಾಮಿನ ಲೆಕ್ಕದ್ದು. ಹಳೇ ವಸ್ತುಗಳ ಹರಾಜು ನಡೆಸುವವರ ಹತ್ತಿರ ಕೇಳಿ.

ಇಟ್ಟುಕೊಳ್ಳುವ ಆಸೆ ಇದ್ದರೆ ಮಾತ್ರ ಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ಲಾಭಕ್ಕೆ ಬೆಳ್ಳಿ ಗಟ್ಟಿಯೇ ವಾಸಿ.

ಇಂಡಿಯಾದಲ್ಲಿರುವ ಜೋಡಿಯನ್ನು ಅಮೆರಿಕದ ಮಗಳಿಗೆ ಕಳಿಸಬಹುದೇ?

ಸುಮ್ನೆ ಪಾರ್ಸೆಲ್ ಮಾಡಿಬಿಡಬೇಡಿ. ನಮ್ಮ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕರಕುಶಲ ವಸ್ತುಗಳು ಪ್ರಾಚ್ಯವಸ್ತುಗಳ ಲೆಕ್ಕಕ್ಕೆ ಬರುತ್ತವೆ. ಅವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಇಂಗ್ಲೆಂಡಿನಲ್ಲಿ ಮಾಡಿದ್ದು ಅಂದಮಾತ್ರಕ್ಕೆ ವಿನಾಯಿತಿ ಅಂದುಕೊಳ್ಳಬೇಡಿ. ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ. ಹೊರದೇಶದಿಂದ ಇಲ್ಲಿಗೆ ತರುವವರು ಬಿಲ್ಲು, ರಸೀದಿ, ಫೋಟೋ ಜೋಪಾನ ಮಾಡಿ, ಕಸ್ಟಮ್ಸ್‌ನಲ್ಲಿ ಘೋಷಿಸಿ.

ಇಂಥವನ್ನು ಕಣ್ಣಾರೆ ನೋಡಲು ಎಲ್ಲಿಗೆ ಹೋಗಬೇಕು?

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಬೆಳ್ಳಿ ವಿಭಾಗ. ಶೆಫೀಲ್ಡಿಗೇ ಹೋಗುವವರು ಮಿಲೆನಿಯಂ ಗ್ಯಾಲರಿಯ ಲೋಹದ ಸಂಗ್ರಹ ನೋಡಿ. ಹೋಗಲಾಗದವರು ಮ್ಯೂಸಿಯಂಗಳ ಜಾಲತಾಣದಲ್ಲಿ ಫೋಟೋ ದೊಡ್ಡದು ಮಾಡಿ ನೋಡಬಹುದು. ಮುದ್ರೆಗಳ ಫೋಟೋ ಹಾಕಿದ್ದರೆ ಅಲ್ಲೇ ಓದಿ ಅಭ್ಯಾಸ ಮಾಡಿಕೊಳ್ಳಿ.

ದೇವರ ಮನೆಯಲ್ಲಿ ಇಡಬಹುದೇ?

ನಮ್ಮ ಅತ್ತೆ ಒಂದು ಸಲ ದೀಪಾವಳಿಗೆ ಇಟ್ಟಿದ್ದರು. ಕಲಶದ ಆಕಾರ, ಹೂಮಾಲೆ ಎಲ್ಲ ಚೆನ್ನಾಗಿಯೇ ಹೊಂದಿತು. ಟಗರಿನ ತಲೆ ಮಾತ್ರ ದೇವರಿಗೆ ಕಾಣಬಾರದು ಅಂತ ನಾಲ್ಕು ಮೂಲೆಗೂ ಸೇವಂತಿಗೆ ಸಿಕ್ಕಿಸಿದ್ದರು. ಹೂವಿನ ನೀರು ಒರೆಸಿ ಇಟ್ಟರೆ ಏನೂ ತೊಂದರೆ ಇಲ್ಲ.